ಹಿತ್ತಾಳೆ ಕಿವಿ

ಅಕ್ಕಿ ಆರಿಸುವವರನ್ನು ನೋಡುತ್ತ ಬೆಳೆದವನಿಗೆ ಈ ಕೆಲಸ ಹೊಸದೇನಲ್ಲ. ಮೊರದ ಜಾಗದಲ್ಲಿ ಅಡುಗೆಮನೆಯಿಂದ ಹೇಳದೆ ಕೇಳದೆ ತಂದ ಸ್ಟೀಲ್ ತಟ್ಟೆ, ಅಕ್ಕಿಯ ಜಾಗದಲ್ಲಿ ಗುಂಡು ಹಾರಿಹೋದ ಮೇಲೆ ಉಳಿದ ಹಿತ್ತಾಳೆಯ ಖಾಲಿ ಕೇಸುಗಳು, ಕಲ್ಲಿನ ಜಾಗದಲ್ಲಿ ಬೇರೆ ಕಾರ್ಖಾನೆಯ ಮುದ್ರೆ ಹೊತ್ತವು. ಒಂದೊಂದನ್ನೇ ತಲೆಕೆಳಗು ಮಾಡಿ, ದೀಪದ ಕೆಳಗೆ ಹಿಡಿದು, ತಳದಲ್ಲಿ ಸುತ್ತಲೂ ಒತ್ತಿರುವ ಅಕ್ಷರಗಳನ್ನು ಓದಿ, ಮತ್ತೆ ಮದ್ದು ತುಂಬಲೆಂದು ಅದರದರ ಡಬ್ಬಿಗೆ ಹಾಕಬೇಕು. ಒಹಾಯೊದ ಜನವರಿಯಲ್ಲಿ ಹೊರಗೆ ಮಾಡುವಂಥದ್ದು ಏನೂ ಇರುವುದಿಲ್ಲ. ಹಿಮ, ಕತ್ತಲು, ನೆಲಮಾಳಿಗೆಯ ಹೀಟರಿನ ಗುಂಯ್‌ಗುಟ್ಟುವಿಕೆ. ಹೀಗೆ ಕುಳಿತಿದ್ದ ಒಂದು ಸಂಜೆ ಹೆಂಡತಿ ಕಾಫಿ ತಂದಿಟ್ಟು, ತಟ್ಟೆಯನ್ನು ಗುರುತು ಹಿಡಿದು, ಅದರ ಬಗ್ಗೆ ಏನೂ ಹೇಳದೆ, ‘ಇಷ್ಟರಲ್ಲಿ ಒಳ್ಳೆಯದು ಯಾವುದು?’ ಎಂದು ಕೇಳಿದಳು.

ಲಾಪುವಾ ಕಂಪನಿಯದು ಎಂದೆ. ಯಾಕೆ ಎಂದಳು. ಎಲ್ಲರೂ ಹಾಗೆ ಹೇಳುತ್ತಾರೆ ಎಂದೆ. ಅವಳು ನಕ್ಕು ಮೇಲೆ ಹೋದಳು.

ಹೇಳಿದ್ದನ್ನೆಲ್ಲ ನಂಬುವವನನ್ನು ನಮ್ಮಲ್ಲಿ ಹಿತ್ತಾಳೆ ಕಿವಿಯವನು ಎನ್ನುತ್ತಾರೆ. ನನ್ನದು ಹಿತ್ತಾಳೆಯ ವಿಷಯದಲ್ಲೇ ಹಿತ್ತಾಳೆ ಕಿವಿಯಾಗಿತ್ತು ಎಂದು ಒಪ್ಪಿಕೊಳ್ಳುವುದಕ್ಕೆ ಆಮೇಲೆ ಕೆಲವು ವರ್ಷಗಳು ಬೇಕಾದವು.

ಮೂಡಿಗೆರೆ ಕಡೆಯ ಅಜ್ಜನ ಮನೆಯಲ್ಲಿ ಒಂಟಿ ನಳಿಗೆಯ ತೋಟಾ ಕೋವಿಯೊಂದಿತ್ತು. ಬೆಳೆ ಕಾಯಲು ಕೊಟ್ಟ ಲೈಸೆನ್ಸು. ಚುನಾವಣೆ ಘೋಷಣೆಯಾದರೆ ಪೊಲೀಸ್ ಸ್ಟೇಷನ್ನಿಗೆ ಒಯ್ದು ಒಪ್ಪಿಸಬೇಕು, ಫಲಿತಾಂಶ ಬಂದ ಮೇಲೆ ಹೋಗಿ ತರಬೇಕು. ಆಯುಧ ಪೂಜೆಯ ದಿನ ಕುಂಕುಮ ಹಚ್ಚಿಸಿಕೊಳ್ಳುವುದನ್ನು ಬಿಟ್ಟರೆ ಆ ಕೋವಿ ನನ್ನ ಕಾಲದಲ್ಲಿ ಮಾಡಿದ ಮುಖ್ಯ ಕೆಲಸ ಈ ಓಡಾಟವೇ. ಅಜ್ಜನ ಪೆಟ್ಟಿಗೆಯಲ್ಲಿ ಹಳೆಯ ಕಾಲದ ಎರಡು ಹಿತ್ತಾಳೆ ತೋಟಾಗಳಿದ್ದವು, ಖಾಲಿ. ಅವುಗಳ ಬಾಯಿಯನ್ನು ತುಟಿಗಿಟ್ಟು ಊದಿದರೆ ಹಡಗಿನ ಸಿಳ್ಳೆಯಂಥ ಸದ್ದು ಬರುತ್ತಿತ್ತು. ಹಡಗನ್ನು ನಾವು ಯಾರೂ ನೋಡಿರಲಿಲ್ಲ.

ಅಮೆರಿಕಕ್ಕೆ ಬಂದ ಮೇಲೂ ಬಹಳ ವರ್ಷ ಬಂದೂಕಿನ ಗೊಡವೆಗೆ ಹೋಗಲಿಲ್ಲ. ಕೆಲಸದ ವೀಸಾದಲ್ಲಿ ಇರುವವನು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಇಲ್ಲಿ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ, ಅದೂ ಒಬ್ಬ ಸಹೋದ್ಯೋಗಿಯ ಜೊತೆ ಗುರಿ ಹೊಡೆಯುವ ಮೈದಾನಕ್ಕೆ ಹೋಗಿ ಬಂದ ಮೇಲೆ, .308 ವಿಂಚೆಸ್ಟರ್ ಅಳತೆಯ ಒಂದು ರೈಫಲ್ ತೆಗೆದುಕೊಂಡೆ. ಬೇಟೆಯಲ್ಲಿ ನನಗೆ ಆಸಕ್ತಿ ಇಲ್ಲ. ಕಾಗದಕ್ಕೆ ತೂತು ಮಾಡುವುದಷ್ಟೇ. ಅಂಗಡಿಯ ಗುಂಡುಗಳ ಬೆಲೆ ನೋಡಿ ಜೇಬು ಮುಟ್ಟಿಕೊಂಡಾಗ, ಮೈದಾನದಲ್ಲಿ ಪರಿಚಯವಾದ ಒಬ್ಬ ಮುದುಕರು, ಲೇತ್ ಯಂತ್ರದ ಮೇಲೆ ನಲವತ್ತು ವರ್ಷ ದುಡಿದು ನಿವೃತ್ತರಾದವರು, ಕೈಯಿಂದ ತೋಟಾ ತುಂಬುವುದನ್ನು ಕಲಿಸಿದರು. ಇದರಿಂದ ದುಡ್ಡು ಉಳಿಯುತ್ತದೆ ಎಂದು ಅವರು ಒಮ್ಮೆಯೂ ಹೇಳಲಿಲ್ಲ. ಹೇಳದಿದ್ದದ್ದು ಒಳ್ಳೆಯದಾಯಿತು.

ತೋಟಾದಲ್ಲಿ ಇರುವುದು ನಾಲ್ಕೇ ಸಾಮಾನು. ಗುಂಡು, ಮದ್ದು, ಪ್ರೈಮರ್ ಮತ್ತು ಕೇಸ್. ಪ್ರೈಮರ್ ಎಂದರೆ ನಮ್ಮ ಮಲೆನಾಡಿನ ಕೇಪಿನ ಕೋವಿಯ ಕೇಪೇ, ತಳಕ್ಕೆ ಇಳಿದು ಕುಳಿತಿದೆ ಅಷ್ಟೆ. ಗುಂಡು ಹೋಗುತ್ತದೆ, ಮದ್ದು ಉರಿಯುತ್ತದೆ, ಕೇಪು ಸಿಡಿಯುತ್ತದೆ. ಉಳಿಯುವುದು ಕೇಸ್ ಒಂದೇ. ಅದಕ್ಕೇ ಇಲ್ಲಿನ ಹವ್ಯಾಸಿಗಳು ಅದನ್ನು ಕೇಸ್ ಎನ್ನದೆ ಬ್ರಾಸ್ ಎಂದು ಲೋಹದ ಹೆಸರಿನಿಂದಲೇ ಕರೆಯುತ್ತಾರೆ. ನಮಗೂ ಅದೇ ವಾಸಿ. ಕೇಸು ಎಂದರೆ ನಮ್ಮವರಿಗೆ ಮೊದಲು ನೆನಪಾಗುವುದು ಕೋರ್ಟು.

ಈ ಹಿತ್ತಾಳೆ 70 ಪಾಲು ತಾಮ್ರ, 30 ಪಾಲು ಸತು. ಮದ್ದು ಹೊತ್ತಿದ ಕ್ಷಣದಲ್ಲಿ .308ರ ಒಳಗಿನ ಒತ್ತಡ ಚದರ ಇಂಚಿಗೆ 62,000 ಪೌಂಡ್‌ವರೆಗೆ ಹೋಗಬಹುದು. ಅದು ಆ ಅಳತೆಗೆ ಗೊತ್ತುಮಾಡಿದ ಮಿತಿ. ಕಾರಿನ ಟಯರಿನಲ್ಲಿ ನಾವು ತುಂಬಿಸುವುದು 32ರ ಆಸುಪಾಸು. ಇಷ್ಟು ಒತ್ತಡಕ್ಕೆ ಹಿತ್ತಾಳೆ ಉಬ್ಬಿ, ನಳಿಗೆಯ ಬುಡದಲ್ಲಿ ತೋಟಾ ಕೂರುವ ಚೇಂಬರಿನ ಗೋಡೆಗೆ ಅಂಟಿಕೊಂಡು ಹಿಂದಕ್ಕೆ ಅನಿಲ ನುಗ್ಗದಂತೆ ತಡೆಯಬೇಕು. ಮರುಕ್ಷಣ ತುಸು ಕುಗ್ಗಿ, ಗೋಡೆಯನ್ನು ಬಿಟ್ಟು, ಬೆರಳಿನಿಂದ ಎಳೆದರೆ ಹೊರಗೆ ಬರಬೇಕು. ತಳ ಗಟ್ಟಿ ಇರಬೇಕು, ಗುಂಡನ್ನು ಹಿಡಿದಿಡುವ ಕತ್ತು ಮೆತ್ತಗಿರಬೇಕು. ಒಂದೇ ತುಂಡು ಲೋಹ, ಎರಡು ಸ್ವಭಾವ. ಕಾರ್ಖಾನೆಯಲ್ಲಿ ಒಂದು ಬಿಲ್ಲೆಯನ್ನು ಬಟ್ಟಲಿನಂತೆ ಒತ್ತಿ, ಹಲವು ಸಲ ಉದ್ದಕ್ಕೆ ಎಳೆದು, ಎಳೆದಾಗಲೆಲ್ಲ ಗಡುಸಾಗುವ ಲೋಹವನ್ನು ನಡುನಡುವೆ ಕಾಯಿಸಿ ಮೆತ್ತಗೆ ಮಾಡಿ, ಕೊನೆಗೆ ತಳವನ್ನು ಬಡಿದು ಗಟ್ಟಿಗೊಳಿಸಿ, ಕತ್ತನ್ನು ಮಾತ್ರ ಇನ್ನೊಮ್ಮೆ ಕಾಯಿಸುತ್ತಾರೆ. ಹೊಸ ಕೇಸಿನ ಕತ್ತಿನ ಕೆಳಗಿನ ಭುಜದ ಮೇಲೆ ಕಾಣುವ ನೀಲಿ-ಕಂದು ಛಾಯೆ ಆ ಕೊನೆಯ ಕಾವಿನದು. ಕೆಲವರು ಅದನ್ನು ತಿಕ್ಕಿ ಹೊಳಪು ಬರಿಸಿ ಮಾರುತ್ತಾರೆ. ಅಮೆರಿಕದ ಸೈನ್ಯಕ್ಕೆ ಮಾತ್ರ ಆ ಛಾಯೆ ಕಾಣಲೇಬೇಕು, ಕಾಯಿಸಿದ್ದಕ್ಕೆ ಅದೇ ಸಾಕ್ಷಿ. ನನಗೂ ಛಾಯೆ ಇರುವುದೇ ಇಷ್ಟ. ತಿಕ್ಕಿ ಹೊಳೆಯಿಸಿದ್ದರ ಬಗ್ಗೆ ಯಾವಾಗಲೂ ಒಂದು ಗುಮಾನಿ.

ಇಷ್ಟು ತಿಳಿದ ಮೇಲೆ ಬ್ರಾಂಡ್ ಹೋಲಿಕೆ ಸುಲಭ ಎನಿಸಿತು. ತೂಕ ಮಾಡಿದರಾಯಿತು ಎಂದುಕೊಂಡೆ.

ಈ ಹವ್ಯಾಸದಲ್ಲಿ ಎಲ್ಲವನ್ನೂ ಗ್ರೇನ್ ಎಂಬ ಅಳತೆಯಲ್ಲಿ ತೂಗುತ್ತಾರೆ. ಒಂದು ಪೌಂಡಿಗೆ 7,000 ಗ್ರೇನ್. ಹಿಂದೊಮ್ಮೆ ಒಂದು ಬಾರ್ಲಿ ಕಾಳಿನ ತೂಕವಾಗಿದ್ದದ್ದು. ನಮ್ಮ ಅಕ್ಕಸಾಲಿಗರ ಗುಲಗಂಜಿ ಹೆಚ್ಚುಕಡಿಮೆ ಎರಡು ಗ್ರೇನ್. ಇದು ತಿಳಿದ ದಿನ ಬಹಳ ಸಮಾಧಾನವಾಯಿತು. ಎಲ್ಲಿಗೆ ಹೋದರೂ ಮನುಷ್ಯ ತೂಕಕ್ಕೆ ಮೊದಲು ಕೈ ಹಾಕುವುದು ಕಾಳಿಗೇ. ಡಿಜಿಟಲ್ ತಕ್ಕಡಿಯ ಮುಂದೆ ಕುಳಿತು ತೂಗಿದೆ. ಅಮೆರಿಕದ ಹಗುರ ಜಾತಿಯ .308 ಕೇಸುಗಳು 160 ಗ್ರೇನಿನ ಸುತ್ತಮುತ್ತ, ಲಾಪುವಾದವು 170 ದಾಟಿ, ಸೈನ್ಯದ ಕಾರ್ಖಾನೆಯವು ಅದಕ್ಕೂ ಮೇಲೆ. ಭಾರವಾದದ್ದೇ ಗಟ್ಟಿ, ಗಟ್ಟಿಯಾದದ್ದೇ ಒಳ್ಳೆಯದು ಎಂದು ತೀರ್ಮಾನಿಸಿದೆ. ಪಾತ್ರೆ ಅಂಗಡಿಯಲ್ಲಿ ಕಲಿತ ಬುದ್ಧಿ.

ತಪ್ಪು ಅಲ್ಲೇ ಆಯಿತು. ಹೊರಗಿನ ಅಳತೆ ಎಲ್ಲದಕ್ಕೂ ಒಂದೇ, ಯಾಕೆಂದರೆ ಎಲ್ಲವೂ ಒಂದೇ ಚೇಂಬರಿನಲ್ಲಿ ಕೂರಬೇಕು. ಹಾಗಾದರೆ ಹೆಚ್ಚಿನ ಹಿತ್ತಾಳೆ ಇರುವುದು ಒಳಗಡೆ, ಒಳಗಿನ ಜಾಗವನ್ನು ತಿಂದುಕೊಂಡು. ಹಿತ್ತಾಳೆ ನೀರಿಗಿಂತ ಸುಮಾರು ಎಂಟೂವರೆ ಪಟ್ಟು ಭಾರ. ಎರಡು ಕೇಸುಗಳ ನಡುವೆ 15 ಗ್ರೇನ್ ವ್ಯತ್ಯಾಸವಿದ್ದರೆ ಒಳಗೆ ಹಿಡಿಯುವ ನೀರಿನಲ್ಲಿ ಒಂದೂಮುಕ್ಕಾಲು ಗ್ರೇನ್ ಕಡಿಮೆ. .308 ಹಿಡಿಯುವುದೇ ಸುಮಾರು 56 ಗ್ರೇನ್ ನೀರು. ಚಿಕ್ಕ ಪಾತ್ರೆಯಲ್ಲಿ ಅಷ್ಟೇ ಅಕ್ಕಿ ಬೇಯಿಸಿದರೆ ಮುಚ್ಚಳ ಏಳುತ್ತದೆ, ಇಲ್ಲೂ ಅದೇ ಕಥೆ. ಹಗುರ ಕೇಸಿಗೆ ಹೊಂದಿಸಿಕೊಂಡಿದ್ದ ಮದ್ದಿನ ಪ್ರಮಾಣವನ್ನು ನಾನು ಹಾಗೆಯೇ ದಪ್ಪ ಗೋಡೆಯ ಸೈನಿಕ ಕೇಸಿಗೆ ಹಾಕಿಕೊಂಡು ಮೈದಾನಕ್ಕೆ ಹೋದೆ. ಮೂರನೆಯ ಈಡಿಗೆ, ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟ್ ಎತ್ತಲು ಅಂಗೈಯಿಂದ ಗುದ್ದಬೇಕಾಯಿತು. ಕೇಪು ಒತ್ತಿದ ಚಪಾತಿಯಂತೆ ಚಪ್ಪಟೆ. ಮುದುಕರು ಪಕ್ಕದ ಬೆಂಚಿನಿಂದ ಎದ್ದು ಬಂದು, ಉಳಿದ ತೋಟಾಗಳ ಡಬ್ಬಿ ಮುಚ್ಚಿ, ‘ಇವತ್ತಿಗೆ ಸಾಕು’ ಎಂದರು. ಮನೆಗೆ ಹೋಗಿ ಎಲ್ಲವನ್ನೂ ಬಿಚ್ಚಿದೆ. ಕೇಸಿನ ಹೆಸರು ಬದಲಾದರೆ ಕೈಪಿಡಿ ಹೇಳುವ ಅತಿ ಕಡಿಮೆ ಮದ್ದಿನಿಂದ ಮತ್ತೆ ಶುರು ಮಾಡಬೇಕು ಎಂದು ಎಲ್ಲ ಪುಸ್ತಕಗಳ ಮೊದಲ ಪುಟಗಳಲ್ಲೇ ಇದೆ. ನಾನು ಮೊದಲ ಪುಟಗಳನ್ನು ಓದುವವನಲ್ಲ, ಆಗ.

ಅಲ್ಲಿಂದ ತೂಕ ಬಿಟ್ಟು ನೀರು ಅಳೆಯಲು ಹಿಡಿದೆ. ಹಾರಿಸಿದ ಕೇಸಿನಲ್ಲಿ ಹಳೆಯ ಕೇಪನ್ನು ಹಾಗೆಯೇ ಬಿಟ್ಟು, ಬಾಯಿಯವರೆಗೆ ನೀರು ತುಂಬಿ, ತೂಗಿ, ಖಾಲಿ ತೂಕ ಕಳೆಯುವುದು. ಗುಳ್ಳೆ ಕೂತರೆ ಲೆಕ್ಕ ತಪ್ಪಿತು. ಕಣ್ಣಿಗೆ ಔಷಧಿ ಬಿಡುವ ಪಿಳ್ಳೆಯಿಂದ ಒಂದೊಂದೇ ಹನಿ. ಒಂದೇ ಕಾರ್ಖಾನೆಯ ಹತ್ತು ಕೇಸುಗಳನ್ನು ಹೀಗೆ ಅಳೆಯುವ ಹೊತ್ತಿಗೆ ರಾತ್ರಿ ಹನ್ನೊಂದಾಗಿರುತ್ತಿತ್ತು. ತೂಕವೂ ನೀರೂ ಯಾವಾಗಲೂ ಒಂದೇ ಮಾತು ಆಡುವುದಿಲ್ಲ ಎಂಬುದು ಆಗ ಗೊತ್ತಾಯಿತು. ತಳದ ಹೊರಅಂಚಿನಲ್ಲಿ, ಕೇಸನ್ನು ಕೊಕ್ಕೆ ಹಿಡಿದು ಎಳೆಯುವ ಆ ತೋಡಿನಲ್ಲಿ, ಒಂದಿಷ್ಟು ಹಿತ್ತಾಳೆ ಹೆಚ್ಚು ಉಳಿದಿದ್ದರೆ ತಕ್ಕಡಿ ಏರುತ್ತದೆ. ಒಳಗಿನ ಜಾಗಕ್ಕೆ ಅದರ ಸುದ್ದಿಯೇ ಇಲ್ಲ. ತೂಕ ಮಾಡಿ ಗುಂಪು ಮಾಡುವವರ ಅರ್ಧ ಶ್ರಮ ಈ ತೋಡಿಗೆ ಹೋಗುತ್ತದೆ.

ಆ ವರ್ಷದ ಬೋನಸ್ ಬಂದಾಗ ನೀಲಿ ಡಬ್ಬಿ ತರಿಸಿದೆ. ಲಾಪುವಾದ ನೂರು ಕೇಸುಗಳು ಒಂದು ನೀಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುತ್ತವೆ. ಆಮೇಲೆ ತುಂಬಿದ ತೋಟಾಗಳನ್ನು ಇಡಲೂ ಅದೇ ಡಬ್ಬಿ ಆಗುತ್ತದೆ. ಒಂದೊಂದಕ್ಕೂ ಒಂದು ಡಾಲರಿಗಿಂತ ಹೆಚ್ಚು. ತೆರೆದು ನೋಡಿದರೆ ಒಂದರ ಬಾಯಿಯೂ ಜಜ್ಜಿಲ್ಲ, ಕೇಪಿನ ಕಿಡಿ ಮದ್ದಿಗೆ ದಾಟುವ ಒಳತೂತು ಒಂದರಲ್ಲೂ ಚೂರು ಲೋಹ ಅಂಟಿಕೊಂಡಿಲ್ಲ. ಅದಕ್ಕೆ ಮೊದಲು ಚೀಲದಲ್ಲಿ ಬಂದಿದ್ದ ಇನ್ನೊಂದು ಕಂಪನಿಯ ನೂರರಲ್ಲಿ, ಹೆಸರು ಬೇಡ, ಬಾಯಿ ಸೊಟ್ಟಗಾದವೇ ಹತ್ತಾರು. ಹಾಗಾಗಿ ನೀಲಿ ಡಬ್ಬಿಯ ಮುಂದೆ ನಾನು ಮದುವೆ ಸೀರೆಯ ಮಡಿಕೆ ಬಿಡಿಸುವವನಂತೆ ಕುಳಿತಿದ್ದೆ. ಮುದುಕರಿಗೆ ತೋರಿಸಿದೆ. ಚೆನ್ನಾಗಿದೆ ಎಂದರು. ಎಷ್ಟು ಚೆನ್ನಾಗಿದೆ ಎಂದು ಕೇಳಿದೆ. ಅದನ್ನು ಕಾಗದವನ್ನೇ ಕೇಳೋಣ ಎಂದರು.

ಮೂರು ಗುಂಪು ಮಾಡಿದೆವು. ಮೊದಲನೆಯದು ನೀಲಿ ಡಬ್ಬಿಯದು. ಎರಡನೆಯದು ಚೀಲದಲ್ಲಿ ಬಂದ ಅಗ್ಗದ್ದು. ಆದರೆ ಎಲ್ಲ ಒಂದೇ ಲಾಟು, ಬಾಯಿ ನೇರ ಮಾಡಿ, ಉದ್ದ ಸಮ ಕತ್ತರಿಸಿ, ಒಳತೂತು ಕೆರೆದು, ನೀರು ಅಳೆದು ಆರಿಸಿದ್ದು. ಮೂರನೆಯದು ಮೈದಾನದಲ್ಲಿ ಹೆಕ್ಕಿದ ಬೆರಕೆ, ಕೈಗೆ ಸಿಕ್ಕಿದ್ದು ಸಿಕ್ಕಂತೆ. ಮದ್ದಿನ ಪ್ರಮಾಣ ಅತಿ ದಪ್ಪ ಕೇಸಿಗೂ ಅಪಾಯವಿಲ್ಲದಷ್ಟು ಕಡಿಮೆ. ಮುದುಕರು ತಳಗಳಿಗೆ ಕಪ್ಪು ಶಾಯಿ ಬಳಿದು, ಯಾವುದು ಯಾವುದೆಂಬ ಚೀಟಿಯನ್ನು ತಮ್ಮ ಟೋಪಿಯೊಳಗೆ ಇಟ್ಟುಕೊಂಡರು. ನಾನು ಬರೀ ಟ್ರಿಗರ್ ಎಳೆಯುವವನು.

100 ಗಜದಲ್ಲಿ ಮೂರೂ ಒಂದೇ. ನೀಲಿ ಡಬ್ಬಿ ಇದೇ ಎಂದು ಎದೆ ತಟ್ಟಿ ತೋರಿಸಿದ್ದು ಬೆರಕೆಯದಾಗಿತ್ತು.

ನಾಚಿಕೆಯಾದರೂ ಲೆಕ್ಕ ಹಾಕಿ ನೋಡಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಒಳಜಾಗದ ವ್ಯತ್ಯಾಸ ಕಾಣಿಸಿಕೊಳ್ಳುವುದು ವೇಗದಲ್ಲಿ. ಸೆಕೆಂಡಿಗೆ 2,600 ಅಡಿ ವೇಗದ ಗುಂಡಿನಲ್ಲಿ 20 ಅಡಿ ಹೆಚ್ಚುಕಡಿಮೆಯಾದರೆ 100 ಗಜದಲ್ಲಿ ಅದು ಸಾಸಿವೆ ಕಾಳಿನಷ್ಟು ಮೇಲೆ ಕೆಳಗೆ. 600 ಗಜದಲ್ಲಿ ಎರಡು ಮೂರು ಬೆರಳಗಲ. 1,000 ಗಜದಲ್ಲಿ ಹೆಚ್ಚುಕಡಿಮೆ ಒಂದು ಗೇಣು. ಆ ದೂರಕ್ಕೆ ಬಳಸುವ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತ 20 ಇಂಚು, ಅದರ ನಡುವಿನ ಎಕ್ಸ್ ವೃತ್ತ 10 ಇಂಚು. ಗೇಣು ತಪ್ಪಿದವನಿಗೆ ಎಕ್ಸ್ ಇಲ್ಲ. ಈರಿ ಸರೋವರದ ದಂಡೆಯ ಕ್ಯಾಂಪ್ ಪೆರಿಯಲ್ಲಿ 1907ರಿಂದ ರಾಷ್ಟ್ರೀಯ ಸ್ಪರ್ಧೆ ನಡೆಯುತ್ತದೆ. ಅಲ್ಲಿ ಸರೋವರದ ಗಾಳಿಗೆ ಗುಂಡು ಪಕ್ಕಕ್ಕೆ ಓಡುವುದನ್ನು ಯಾರೂ ತಪ್ಪಿಸಲಾರರು, ಅದಕ್ಕೇ ಮೇಲೆ ಕೆಳಗೆ ಓಡುವುದನ್ನಾದರೂ ತಪ್ಪಿಸೋಣವೆಂದು ಜನ ಇಷ್ಟೆಲ್ಲ ಹಿತ್ತಾಳೆ ಅಳೆಯುತ್ತಾರೆ.

600 ಗಜದಲ್ಲಿ ಬೆರಕೆ ಗುಂಪು ತನ್ನ ಬಣ್ಣ ತೋರಿಸಿತು. ಕಾಗದದ ಮೇಲೆ ತೂತುಗಳು ಏಣಿ ಹಾಕಿಕೊಂಡಂತೆ ಮೇಲಿಂದ ಕೆಳಕ್ಕೆ. ಉಳಿದ ಎರಡು ಗುಂಪುಗಳ ನಡುವೆ? ಟೋಪಿಯ ಚೀಟಿ ನೋಡದೆ ನಾನು ಹೇಳಲಾರದವನಾದೆ. ಚೀಟಿ ನೋಡಿದ ಮೇಲೂ, ವ್ಯತ್ಯಾಸ ಹಿತ್ತಾಳೆಯದೋ ನನ್ನ ಉಸಿರಿನದೋ ಎಂದು ಹೇಳಲಾರದವನಾದೆ. ಒಂದು ಡಾಲರಿನ ಹಿತ್ತಾಳೆ ಕೊಟ್ಟದ್ದನ್ನು ಅಗ್ಗದ ಹಿತ್ತಾಳೆಯೂ ಕೊಟ್ಟಿತ್ತು. ಆದರೆ ಅಗ್ಗದ್ದರ ಹಿಂದೆ ನನ್ನ ಆರು ಸಂಜೆಗಳಿದ್ದವು, ನೀಲಿ ಡಬ್ಬಿಯ ಹಿಂದೆ ಅರ್ಧ ಗಂಟೆ. ನೂರು ಆರಿಸಲು ಕುಳಿತರೆ ಅಗ್ಗದ್ದರಲ್ಲಿ ಕಾಲುಭಾಗ ಬೇರೆ ಡಬ್ಬಿಗೆ ಹೋಗಿತ್ತು, ನೀಲಿಯಲ್ಲಿ ಎಸೆಯುವಂಥದ್ದು ಇರಲಿಲ್ಲ. ದುಬಾರಿ ಹಿತ್ತಾಳೆ ಕೊಳ್ಳುವವನು ಕೊಳ್ಳುವುದು ಕರಾರುವಾಕ್ಕಾದ ಗುರಿಯನ್ನಲ್ಲ, ಯಾರೋ ತನ್ನ ಪರವಾಗಿ ಆಗಲೇ ಆರಿಸಿಟ್ಟಿರುವುದನ್ನು. ಸೋನಾ ಮಸೂರಿ ಚೀಲದ ಮೇಲೆ ‘ಕಲ್ಲಿಲ್ಲದ ಅಕ್ಕಿ’ ಎಂದು ಬರೆದಿರುತ್ತದಲ್ಲ, ಹಾಗೆ.

ಇನ್ನೊಂದು ವಿಷಯ ನಿಧಾನವಾಗಿ ಗೊತ್ತಾಯಿತು, ಬಾಳಿಕೆ. ಕೇಪು ಕೂರುವ ಗುಂಡಿ ಪ್ರತಿ ಈಡಿಗೂ ಕೂದಲೆಳೆಯಷ್ಟು ಅಗಲವಾಗುತ್ತದೆ. ಕೂರಿಸುವಾಗ ಬೆರಳಿಗೆ ಬಿಗಿ ಸಿಗದಿದ್ದರೆ ಆ ಕೇಸಿನ ಆಯುಸ್ಸು ಮುಗಿಯಿತು. ಅಗ್ಗದ್ದು ನನ್ನ ರೈಫಲಿನಲ್ಲಿ ಬೇಗ ಸಡಿಲವಾಯಿತು, ನೀಲಿ ಡಬ್ಬಿಯದು ಅದರ ಮೂರು ಪಟ್ಟು ಈಡು ತಾಳಿ ಇನ್ನೂ ಬಿಗಿಯಾಗಿತ್ತು. ಬೆಲೆ ಎರಡು ಪಟ್ಟು. ಅಂಗಡಿಯಲ್ಲಿ ದುಬಾರಿಯಾದದ್ದು ನೋಟ್‌ಬುಕ್ಕಿನಲ್ಲಿ ಅಗ್ಗವಾಯಿತು. ಇತ್ತೀಚೆಗೆ ಹಲವರು .308ಕ್ಕೂ 6.5 ಕ್ರೀಡ್‌ಮೋರ್ ಎಂಬ ಇನ್ನೊಂದು ಅಳತೆಗೂ ಸಣ್ಣ ಕೇಪಿನ ಗುಂಡಿ ಇರುವ ಕೇಸ್ ಮಾಡುತ್ತಾರೆ, ಗುಂಡಿಯ ಸುತ್ತ ಹೆಚ್ಚು ಲೋಹ ಉಳಿಯಲಿ ಎಂದು. ಲಾಪುವಾದ ಅಂಥ ಕೇಸಿನ ಒಳತೂತು ಒಂದೂವರೆ ಮಿಲಿಮೀಟರ್ ಮಾತ್ರ. ಹಳೆಯ ಕೇಪನ್ನು ತಳ್ಳಿ ಉದುರಿಸುವ ಮಾಮೂಲಿ ಸೂಜಿ ಅದರಲ್ಲಿ ಹೋಗುವುದಿಲ್ಲ, ಹೋಗಿಸಲು ಹೊರಟರೆ ಸೂಜಿ ಉಳಿಯುವುದಿಲ್ಲ. ನಾನು ಹೊರಟಿದ್ದೆ.

ಲಾಪುವಾ ಎಂಬುದು ಪಶ್ಚಿಮ ಫಿನ್‌ಲ್ಯಾಂಡಿನ ಒಂದು ಊರಿನ ಹೆಸರು. ಬ್ರಾಂಡ್ ಎಂದೇ ಕೇಳಿ ಅಭ್ಯಾಸವಾದ ಹೆಸರಿಗೆ ಒಂದು ಊರು, ಆ ಊರಿಗೆ ಒಂದು ನದಿ, ಚರ್ಚು ಇರುತ್ತವೆ ಎಂದು ನನಗೆ ಹೊಳೆದದ್ದು ತಡವಾಗಿ. 1923ರಲ್ಲಿ ಅಲ್ಲಿ ಸರ್ಕಾರಿ ತೋಟಾ ಕಾರ್ಖಾನೆ ಶುರುವಾಯಿತು, ಊರಿನ ನಡುವೆಯೇ. 1976ರ ಏಪ್ರಿಲ್ 13ರಂದು ಬೆಳಿಗ್ಗೆ ಮದ್ದು ತುಂಬುವ ವಿಭಾಗ ಸ್ಫೋಟಿಸಿತು. 40 ಮಂದಿ ಸತ್ತರು, ಅವರಲ್ಲಿ 35 ಮಂದಿ ಹೆಂಗಸರು. ಮದ್ದು ತುಂಬುವುದು ಅಲ್ಲಿ ಹೆಂಗಸರ ಕೆಲಸವಾಗಿತ್ತು. ಸಣ್ಣ ಊರು, ಸತ್ತವರನ್ನು ತಿಳಿಯದ ಮನೆಯೇ ಇದ್ದಿರಲಾರದು. ಆಮೇಲೆ ಕೆಲಸವನ್ನು ಊರಿನ ಹೊರಗೆ ಸಾಗಿಸಿದರು. ಹಳೆಯ ಕಾರ್ಖಾನೆಯ ಕಟ್ಟಡಗಳು ಈಗ ಊರಿನ ಸಾಂಸ್ಕೃತಿಕ ಕೇಂದ್ರ. ಇದನ್ನು ಓದಿದ ರಾತ್ರಿ ನನ್ನ ಬೆಂಚಿನ ಮೇಲಿದ್ದ ಮದ್ದಿನ ಡಬ್ಬಿಗಳನ್ನು ಎಣಿಸಿದೆ. ಬಳಸುವ ಒಂದನ್ನು ಬಿಟ್ಟು ಉಳಿದವನ್ನು ಕಪಾಟಿಗೆ ಸೇರಿಸಿದೆ. ಅಂದಿನಿಂದ ಬೆಂಚಿನ ಮೇಲೆ ಒಂದೇ ಡಬ್ಬಿ.

ಉಳಿದ ಹೆಸರುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಸ್ವೀಡನ್ನಿನ ನೋರ್ಮಾವನ್ನು 1902ರಲ್ಲಿ ಶುರು ಮಾಡಿದವರು ನಾರ್ವೆಯ ಎಂಗರ್ ಸಹೋದರರು, ಗಡಿಯ ಆಚೆ ಓಮೋಟ್‌ಫೋರ್ಸ್ ಎಂಬಲ್ಲಿ. ಅಪರೂಪದ ಅಳತೆಗಳು ಬೇಕಾದವರು ಅದರ ಪಟ್ಟಿ ನೋಡುತ್ತಾರೆ. ಮಿಸೌರಿಯ ಸೆಡೇಲಿಯಾದ ಸ್ಟಾರ್‌ಲೈನ್ ಬಹುಕಾಲ ಪಿಸ್ತೂಲಿನ ಕೇಸುಗಳಿಗೆ ಹೆಸರಾಗಿತ್ತು, ರೈಫಲಿನ ಸಾಲಿಗೆ ಆಮೇಲೆ ಬಂತು. ಮಧ್ಯಮ ವರ್ಗದ ಮನೆಗೆ ನಾನು ಹೇಳುವುದು ಅದನ್ನೇ. ಪೆನ್ಸಿಲ್ವೇನಿಯಾದ ಪೀಟರ್‌ಸನ್ ನೀಲಿ ಡಬ್ಬಿಯ ಜೊತೆ ಹೆಗಲು ತಾಗಿಸುವ ಹುಮ್ಮಸ್ಸಿನದು. ಹಾರ್ನಡಿ ಎಲ್ಲೆಡೆ ಸಿಗುತ್ತದೆ; 2007ರಲ್ಲಿ 6.5 ಕ್ರೀಡ್‌ಮೋರನ್ನು ತಂದದ್ದೇ ಅವರು. ಇನ್ನು ಮಿಸೌರಿಯದೇ ಇಂಡಿಪೆಂಡೆನ್ಸ್ ಊರಿನ ಲೇಕ್ ಸಿಟಿ, 1941ರಲ್ಲಿ ಹುಟ್ಟಿದ ಸೈನಿಕ ಕಾರ್ಖಾನೆ. ತಳದಲ್ಲಿ ‘ಎಲ್ ಸಿ’, ಎರಡಂಕಿಯ ಇಸವಿ, ವೃತ್ತದೊಳಗೆ ಶಿಲುಬೆಯಂಥ ನ್ಯಾಟೋ ಗುರುತು. ಒಮ್ಮೆ ಹಾರಿಸಿದ್ದು ಮಣ್ಣಿನ ಬೆಲೆಗೆ ಸಿಗುತ್ತದೆ. ಕೇಪು ಉದುರದಂತೆ ಸುತ್ತ ಹಿತ್ತಾಳೆಯನ್ನು ಒತ್ತಿರುತ್ತಾರೆ. ಅದನ್ನು ಒಂದೊಂದಾಗಿ ಬಿಡಿಸಿಕೊಳ್ಳುವ ತಾಳ್ಮೆ ಇರುವವರಿಗೆ ಅದಕ್ಕಿಂತ ಲಾಭದ್ದು ಇಲ್ಲ. ನನಗೆ ಒಂದು ಚಳಿಗಾಲದಷ್ಟು ತಾಳ್ಮೆ ಇತ್ತು.

ನನ್ನ ಬೆಂಚಿನ ಕಿಟಕಿಯಲ್ಲಿ ನಿಂತಿರುವುದು ಇವು ಯಾವುವೂ ಅಲ್ಲ. ಬಂದೂಕಿನ ಸಂತೆಯೊಂದರಲ್ಲಿ ಬಿಡಿ ಕೇಸುಗಳ ಬುಟ್ಟಿ ಕೆದಕುತ್ತಿದ್ದಾಗ ಅಂಚು ಅಗಲವಾದ ಒಂದು .303 ಸಿಕ್ಕಿತು. ತಳದಲ್ಲಿ ‘ಕೆ ಎಫ್’. ಪುಣೆಯ ಖಡ್ಕಿಯಲ್ಲಿ 1869ರಲ್ಲಿ ಶುರುವಾದ ಮದ್ದುಗುಂಡು ಕಾರ್ಖಾನೆಯ ಗುರುತು, ಕಿರ್ಕಿ ಎಂದು ಬ್ರಿಟಿಷರು ಕರೆದದ್ದು. ಊರಿನವನು ಸಿಕ್ಕಂತಾಯಿತು. ಕಾಲು ಡಾಲರ್ ಕೊಟ್ಟು ತಂದು, ಹಳೆಯ ಕೇಪನ್ನು ತೆಗೆಯೋಣವೆಂದು ಸೂಜಿ ಇಳಿಸಿದರೆ ಸೂಜಿ ಬಗ್ಗಿತು. ಒಳಗೆ ನಡುವಿನಲ್ಲಿ ಒಂದು ತೂತಿನ ಬದಲು ಅಕ್ಕಪಕ್ಕ ಎರಡು ಸಣ್ಣ ತೂತುಗಳಿದ್ದವು. ಒಂದು ತೂತಿನ ವಿಧಾನ ಕಂಡುಹಿಡಿದವನು ಬಾಕ್ಸರ್ ಎಂಬ ಇಂಗ್ಲಿಷ್ ಅಧಿಕಾರಿ, ಎರಡು ತೂತಿನದು ಬರ್ಡಾನ್ ಎಂಬ ಅಮೆರಿಕನ್. ಇಂಗ್ಲಿಷರದನ್ನು ಅಮೆರಿಕದವರು ಒಪ್ಪಿಕೊಂಡರು, ಅಮೆರಿಕದವನದನ್ನು ಯುರೋಪು ಮತ್ತು ಅವರ ಹಿಂದೆ ನಾವು. ಮನೆಮನೆಯಲ್ಲಿ ತೋಟಾ ತುಂಬುವ ಹವ್ಯಾಸ ಅಮೆರಿಕದಲ್ಲಿ ಇಷ್ಟು ಬೆಳೆದದ್ದಕ್ಕೆ ನಡುವಿನ ಆ ಒಂದೇ ತೂತಿನ ಅನುಕೂಲವೂ ಒಂದು ಕಾರಣ. ಸೂಜಿ ನೆಟ್ಟಗೆ ಇಳಿಯುತ್ತದೆ, ಕೇಪು ಬೀಳುತ್ತದೆ.

ಆ ಕೆ ಎಫ್ ಕೇಸಿನ ಕತ್ತಿನಲ್ಲಿ ಉದ್ದಕ್ಕೆ ಒಂದು ಬಿರುಕಿದೆ. ಬಿರುಕಿಗೆ ಕಾರಣ ಹುಡುಕಹೊರಟು ಲೋಹಶಾಸ್ತ್ರದಲ್ಲಿ ನಮ್ಮ ಮಳೆಗಾಲ ಸಿಕ್ಕಿತು. ಹಿತ್ತಾಳೆ ತಾನಾಗಿ ಸೀಳುವುದಕ್ಕೆ ಇಂಗ್ಲಿಷಿನಲ್ಲಿ ‘ಸೀಸನ್ ಕ್ರ್ಯಾಕಿಂಗ್’ ಎನ್ನುತ್ತಾರೆ. ಆ ಸೀಸನ್ ನಮ್ಮದೇ. ಬ್ರಿಟಿಷರ ಸೈನ್ಯ ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಪೇರಿಸಿಡುತ್ತಿತ್ತಂತೆ, ಮಳೆ ನಿಂತ ಮೇಲೆ ತೆಗೆದರೆ ಕತ್ತುಗಳು ಸೀಳಿರುತ್ತಿದ್ದವು. ಇದಕ್ಕೆ ಕಾರಣ ಬಹುಕಾಲ ಸರಿಯಾಗಿ ತಿಳಿದಿರಲಿಲ್ಲ. 1921ರಲ್ಲಿ ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್‌ಸನ್ ಎಂಬ ಮೂವರು ಅದನ್ನು ವಿವರಿಸಿದರು. ಕುದುರೆಗಳ ಮೂತ್ರದ ಅಮೋನಿಯಾ, ಜೊತೆಗೆ ತೇವ, ಜೊತೆಗೆ ತಯಾರಿಕೆಯಲ್ಲಿ ಒತ್ತಿ ಎಳೆದಾಗ ಲೋಹದೊಳಗೇ ಉಳಿದುಹೋದ ಬಿಗಿತ. ಮೂರೂ ಸೇರಬೇಕು. ಆ ಬಿಗಿತವನ್ನು ಕಾಯಿಸಿ ಬಿಡಿಸಿದರೆ ಹಿತ್ತಾಳೆ ಸೀಳುವುದಿಲ್ಲ. ನನ್ನ ಕಿಟಕಿಯ ಕೇಸ್ ಹಾಗೆಯೇ ಸೀಳಿದ್ದೋ, ಬರೀ ವಯಸ್ಸಾಗಿ ಸೀಳಿದ್ದೋ, ಅದಕ್ಕೇ ಗೊತ್ತು. ಅಮೋನಿಯಾ ಇರುವ ಹಿತ್ತಾಳೆ ಪಾಲಿಷನ್ನು ಕೇಸುಗಳಿಗೆ ಮುಟ್ಟಿಸಬಾರದು ಎಂದು ಮುದುಕರು ಯಾಕೆ ಗದರಿದ್ದರು ಎಂಬುದು ಮಾತ್ರ ಅರ್ಥವಾಯಿತು.

ಕಾಯಿಸುವುದು ಎಂದಾಗ ನಾಗಮಂಗಲದ ಕಂಚುಗಾರರ ಬೀದಿಯಲ್ಲಿ ಚಿಕ್ಕಂದಿನಲ್ಲಿ ನಿಂತದ್ದು ನೆನಪಾಗುತ್ತದೆ. ಬಡಿಯುವುದು, ನಿಲ್ಲಿಸುವುದು, ಕೆಂಡಕ್ಕೆ ಹಿಡಿಯುವುದು, ಮತ್ತೆ ಬಡಿಯುವುದು. ಬಡಿದಷ್ಟೂ ಗಡುಸಾಗುವ ಲೋಹವನ್ನು ಹದಕ್ಕೆ ತರುವುದು ಎಂದರೆ ಇದೇ. ನಾನೂ ಕೆಲವು ಈಡುಗಳಿಗೊಮ್ಮೆ ಕೇಸುಗಳ ಕತ್ತನ್ನು ಕೆಲವೇ ಸೆಕೆಂಡು ಜ್ವಾಲೆಗೆ ಹಿಡಿಯುತ್ತೇನೆ. ತಳ ಮಾತ್ರ ಬಿಸಿಯಾಗಕೂಡದು. ಮೆತ್ತಗಾದ ತಳ ಒತ್ತಡಕ್ಕೆ ಬಿಟ್ಟುಕೊಟ್ಟರೆ ಮುಖದ ಮುಂದೆಯೇ ಬಿಟ್ಟುಕೊಡುತ್ತದೆ. ಕುಲುಮೆಯಲ್ಲಿ ಕಾದ ಕುಡುಗೋಲನ್ನು ನೀರಿಗೆ ಅದ್ದಿದರೆ ಗಡುಸಾಗುವುದನ್ನು ನೋಡಿದವನು ನಾನು. ಹಿತ್ತಾಳೆಯೂ ಹಾಗೆಯೇ ಎಂದುಕೊಂಡಿದ್ದೆ. ಹಾಗಲ್ಲ. ನೀರಿಗೆ ಹಾಕಿದರೂ ಹಿತ್ತಾಳೆ ಮೆತ್ತಗೇ ಉಳಿಯುತ್ತದೆ, ನೀರು ಬರೀ ಕಾವನ್ನು ನಿಲ್ಲಿಸುತ್ತದೆ. ಈ ಹದ ಸಿಕ್ಕ ಮೇಲೆ ಅಗ್ಗದ ಹಿತ್ತಾಳೆಯ ಕತ್ತೂ ನೀಲಿ ಡಬ್ಬಿಯದರಷ್ಟೇ ಸಮವಾಗಿ ಗುಂಡನ್ನು ಹಿಡಿಯತೊಡಗಿತು. ತಳದ ಗುಂಡಿಯನ್ನು ಮಾತ್ರ ಯಾವ ಬೆಂಕಿಯೂ ಬಿಗಿ ಮಾಡಿಕೊಡುವುದಿಲ್ಲ. ಅದು ಕಾರ್ಖಾನೆಯಿಂದಲೇ ಪಡೆದುಕೊಂಡು ಬಂದದ್ದು.

ಹೋದ ಬೇಸಿಗೆಯಲ್ಲಿ ಅಮ್ಮ ಬಂದು ಮೂರು ತಿಂಗಳಿದ್ದರು. ಒಂದು ಮಧ್ಯಾಹ್ನ ನೆಲಮಾಳಿಗೆಗೆ ಇಳಿದು ಬಂದು, ನಾನು ಕೇಸುಗಳನ್ನು ನಿಂಬೆಹುಳಿಯ ಪುಡಿ ಹಾಕಿದ ನೀರಿನಲ್ಲಿ ತೊಳೆಯುವುದನ್ನು ನೋಡಿ, ‘ಹುಣಸೆಹಣ್ಣು ಸಿಗುವುದಿಲ್ಲವೇ ಇಲ್ಲಿ?’ ಎಂದರು. ಸಿಗುತ್ತದೆ. ತಂದು ಕಿವುಚಿ, ಅರ್ಧ ಡಬ್ಬಿಯನ್ನು ಅವರ ರೀತಿಯಲ್ಲಿ ತೊಳೆದೆವು. ಹುಳಿ ಯಾವುದಾದರೇನು, ಹೊಳಪಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಹೆಚ್ಚು ಹೊತ್ತು ಬಿಟ್ಟರೆ ಸತು ಹೋಗಿ ತಾಮ್ರದ ಕೆಂಪು ತಿರುಗುತ್ತದೆ ಎಂದು ನಾನು ಹೇಳುವ ಮೊದಲೇ ಅವರು ನೀರು ಬಗ್ಗಿಸಿದ್ದರು.

ಒಣಗಲು ಹರಡಿದ್ದನ್ನು ಆರಿಸಬೇಕಿತ್ತು. ಅಮ್ಮನ ಕನ್ನಡಕ ಮೇಲಿನ ಕೋಣೆಯಲ್ಲಿತ್ತು, ತಳದ ಅಕ್ಷರ ಅವರಿಗೆ ಕಾಣುವಂತಿರಲಿಲ್ಲ. ಸುಮ್ಮನೆ ಕೂರುವವರೂ ಅಲ್ಲ. ಹಿಡಿಯಷ್ಟು ಕೇಸುಗಳನ್ನು ಎರಡೂ ಅಂಗೈಯಲ್ಲಿ ತುಂಬಿಕೊಂಡು ಕವಡೆ ಕುಲುಕುವಂತೆ ಕುಲುಕಿದರು. ಇನ್ನೊಮ್ಮೆ ಕುಲುಕಿದರು.

‘ಇದರಲ್ಲಿ ಒಂದು ಒಡೆದಿದೆ.’

ಒಂದನ್ನೂ ಬಿಡದೆ ನಾನು ಲೆನ್ಸಿನಲ್ಲಿ ನೋಡಿದ್ದೆ ಎಂದೆ. ಅವರು ಉತ್ತರ ಕೊಡದೆ ಅರ್ಧವನ್ನು ತಟ್ಟೆಗೆ ಸುರಿದು ಉಳಿದರ್ಧವನ್ನು ಕುಲುಕಿದರು. ಅದರಲ್ಲಿ ಅರ್ಧ ಸುರಿದು ಮತ್ತೆ ಕುಲುಕಿದರು. ಕೊನೆಗೆ ಎರಡು ಉಳಿದವು. ಉಗುರಿನಿಂದ ತಟ್ಟಿದರು. ಒಂದು ಟಿಣ್ ಎಂದಿತು, ಇನ್ನೊಂದು ಟಕ್ ಎಂದಿತು. ‘ಸಂತೆಯಲ್ಲಿ ಮಡಕೆ ತಟ್ಟದೆ ತರುತ್ತೇವೆಯೇ?’ ಟಕ್ ಎಂದದ್ದರ ಕತ್ತಿನಲ್ಲಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ, ಕೂದಲಿನಂಥ ಗೆರೆ ಕಾಣಿಸಿತು.

ಯಾವ ಕಂಪನಿಯದೆಂದು ನೋಡೋಣವೆಂದು ಕೈ ಚಾಚಿದೆ. ಅಮ್ಮ ಆಗಲೇ ಅದನ್ನು ಗುಜರಿ ಡಬ್ಬಿಗೆ ಹಾಕಿ ಮುಂದಿನ ಹಿಡಿ ತುಂಬಿಕೊಂಡಿದ್ದರು.